ಮುಪ್ಪಿನ ದಿನವಹಿ: ಶ್ರೀಮತಿ ಲೆ ಗ್ವಿನ್ ಅವರ ಬ್ಲಾಗ್ ಬರಹಗಳು

ಸಾಹಿತ್ಯದಲ್ಲಿ ಹೊಸ ರೂಪವೊಂದು ತಲೆದೋರಿದಾಗ ಅದು ತರುಣರ ಸೊತ್ತೆಂದು ಭಾವಿಸುವುದು ವಾಡಿಕೆ. ಹಿರಿಯರು ದೂರ ನಿಂತು ಮೂಗು ಮುರಿಯುವರು. ಕಿರಿಯರು ಹಿರಿಯರ ಗೊಡವೆಯಿಲ್ಲದೆ ಅದರಲ್ಲಿ ವಿಹರಿಸುವರು. ಬ್ಲಾಗ್ ಎಂಬ ಬರವಣಿಗೆಯ ವಿಷಯದಲ್ಲಿಯೂ ಹೀಗೆಯೇ ಆಯಿತು. 1997ರಲ್ಲಿ ‘ವೆಬ್‌ಲಾಗ್’ ಎಂದು ಹುಟ್ಟಿ, 1999ರಲ್ಲಿ ಮೊದಲಕ್ಷರವನ್ನು ಕಳಚಿಕೊಂಡು ‘ಬ್ಲಾಗ್’ ಆದ ಈ ಶಬ್ದದ ಬೇರಿನಲ್ಲಿರುವುದು ನಾವಿಕರ ದಿನವಹಿ. ಗಾಳಿ ಎತ್ತಣಿಂದ ಬೀಸಿತು, ಹಡಗು ಎಷ್ಟು ದೂರ ಸಾಗಿತು ಎಂಬುದನ್ನು ತಾರೀಖು ಹಾಕಿ ಬರೆದಿಡುವ ಪುಸ್ತಕವದು. ಅದೇ ಕ್ರಮದಲ್ಲಿ ಅಂತರ್ಜಾಲದಲ್ಲಿ ಬರೆದು, ಬರೆದ ಕೂಡಲೆ ಲೋಕದ ಮುಂದಿಡುವ ಈ ಬರಹಕ್ಕೆ ಸಾಹಿತ್ಯದ ಪಂಕ್ತಿಯಲ್ಲಿ ಮಣೆ ಹಾಕಬಹುದೆ, ಅಥವಾ ಅದು ಕೇವಲ ಹರಟೆಯೆ ಎಂಬ ಪ್ರಶ್ನೆ ಹಲವರ ಮನಸ್ಸಿನಲ್ಲಿದೆ. ಈ ಪ್ರಶ್ನೆಗೆ ತಕ್ಕ ಉತ್ತರವು ತರುಣರಿಂದಲ್ಲ, ಎಂಬತ್ತು ದಾಟಿದ ಇಬ್ಬರು ಕಥೆಗಾರರಿಂದ ಬಂದಿತೆಂಬುದು ಗಮನಿಸತಕ್ಕ ಸಂಗತಿ.

ಅವರಲ್ಲಿ ಒಬ್ಬರು ಅಮೆರಿಕದ ಶ್ರೀಮತಿ ಅರ್ಸುಲಾ ಕ್ರೋಬರ್ ಲೆ ಗ್ವಿನ್. 1929ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಜನಿಸಿದ ಇವರ ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು. ತಾಯಿ ಥಿಯೊಡೋರಾ, ತನ್ನ ಕುಲದವರೆಲ್ಲ ಅಳಿದ ಮೇಲೆ ಒಬ್ಬನೇ ಉಳಿದ ಇಶಿ ಎಂಬ ಆದಿವಾಸಿಯ ಜೀವನ ಚರಿತ್ರೆಯನ್ನು 1961ರಲ್ಲಿ ಪ್ರಕಟಿಸಿದವರು. ಅನ್ಯರ ಬಾಳನ್ನು ಆದರದಿಂದ ನೋಡುವ ದೃಷ್ಟಿ ಮಗಳಿಗೆ ಮನೆಯಲ್ಲಿಯೇ ದೊರೆಯಿತೆನ್ನಬಹುದು. 1968ರಲ್ಲಿ ಮೊದಲಾದ ‘ಅರ್ತ್‌ಸೀ’ ಕಥಾಮಾಲೆಯೂ, 1969 ಮತ್ತು 1974ರ ಎರಡು ಮಹಾ ಕಾದಂಬರಿಗಳೂ ಅವರ ಕೀರ್ತಿಯನ್ನು ನೆಲೆಗೊಳಿಸಿದವು. 2008ರಲ್ಲಿ ಬಂದ ‘ಲವೀನಿಯ’ವೇ ಅವರ ಕಡೆಯ ಕಾದಂಬರಿ. ಕಾದಂಬರಿಗೆ ವರ್ಷಗಟ್ಟಲೆಯ ಉಸಿರು ಬೇಕು. ಅದು ಕೈಬಿಟ್ಟ ಮೇಲೆ, ಜೀವಮಾನವೆಲ್ಲ ಬರೆದವರು ಏನು ಮಾಡಬೇಕು? ಪ್ರಕೃತ ಬರಹಗಳ ಹಿಂದೆ ನಿಂತಿರುವ ಪ್ರಶ್ನೆ ಇದೇ.

ಬ್ಲಾಗನ್ನು ಅವರು ತಾವಾಗಿ ಅರಸಿ ಹೋಗಲಿಲ್ಲ. ಆ ಮಾತೇ ಅವರಿಗೆ ಹಿಡಿಸಿರಲಿಲ್ಲ. ಅದರ ಸದ್ದು ಜೌಗಿನಲ್ಲಿ ನೆನೆದ ಕೊರಡನ್ನೋ ಕಟ್ಟಿದ ಮೂಗನ್ನೋ ನೆನಪಿಗೆ ತರುವುದೆಂದು ಹಾಸ್ಯ ಮಾಡಿದ್ದಾರೆ. ಇನ್ನೂ ದೊಡ್ಡ ಅಡ್ಡಿಯೊಂದಿತ್ತು. ಬರೆದವರು ಓದಿದವರ ಅಭಿಪ್ರಾಯಗಳಿಗೆಲ್ಲ ಉತ್ತರ ಕೊಡುತ್ತ, ಅಪರಿಚಿತರೊಡನೆ ಕೊನೆಯಿಲ್ಲದ ಸಂಭಾಷಣೆಯಲ್ಲಿ ತೊಡಗಬೇಕೆಂಬ ನಿರೀಕ್ಷೆ ಅವರಿಗೆ ಅಸಹ್ಯವಾಗಿತ್ತು. ಕಥೆಯನ್ನೋ ಕವಿತೆಯನ್ನೋ ಮುಂದಿಟ್ಟು ಅದರ ಮರೆಯಲ್ಲಿ ನಿಲ್ಲುವ ಸಂಕೋಚದ ಸ್ವಭಾವ ಅವರದು. ಮೊದಮೊದಲು ಬರೆದ ನಾಲ್ಕಾರು ತುಣುಕುಗಳಲ್ಲಿ ಅವರಿಗೆ ಸುಖ ಕಾಣಲಿಲ್ಲ. ಹೆಸರು ಹೊಸದಾದರೂ ಅವು ಹಳೆಯ ಗಂಭೀರ ಪ್ರಬಂಧಗಳೇ ಆಗಿದ್ದವು.

ಅವರ ಮನಸ್ಸನ್ನು ತಿರುಗಿಸಿದವರು ಪೋರ್ಚುಗಲ್ಲಿನ ಜೋಸೆ ಸರಮಾಗೊ. 1922ರಲ್ಲಿ ಹುಟ್ಟಿ 1998ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈ ಮಹನೀಯರು, 2008ರ ಸೆಪ್ಟೆಂಬರಿನಲ್ಲಿ, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ, ಬ್ಲಾಗ್ ಬರೆಯತೊಡಗಿದರು. ಲಿಸ್ಬನ್ ನಗರವನ್ನು ಕುರಿತ ಪ್ರೀತಿಯ ಮಾತುಗಳಿಂದ ಮೊದಲಾದ ಆ ಬರಹ ಒಂದು ವರ್ಷ ಬಿಡುವಿಲ್ಲದೆ ನಡೆಯಿತು. ಅಧಿಕಾರಸ್ಥರ ಕಪಟವನ್ನು ಅವರು ಹೆಸರು ಹಿಡಿದು ಖಂಡಿಸಿದರು. ಇಟಲಿಯ ಆಗಿನ ಪ್ರಧಾನಿ ಬೆರ್ಲುಸ್ಕೋನಿಯನ್ನು ಟೀಕಿಸಿದ ಕಾರಣ, ಆ ದೇಶದಲ್ಲಿ ಅವರ ಗ್ರಂಥಗಳನ್ನು ಅದುವರೆಗೆ ಪ್ರಕಟಿಸುತ್ತಿದ್ದ ಸಂಸ್ಥೆ ಈ ಬರಹಗಳ ಸಂಪುಟವನ್ನು 2009ರಲ್ಲಿ ನಿರಾಕರಿಸಿತು. ಬೇರೊಂದು ಸಂಸ್ಥೆ ಅದನ್ನು ಕೈಗೊಂಡಿತು. ಬ್ಲಾಗೆಂಬುದು ನಿರಪಾಯದ ಹರಟೆ ಎನ್ನುವವರು ಈ ಸಂಗತಿಯನ್ನು ನೆನೆಯಬೇಕು. ಸರಮಾಗೊ 2010ರ ಜೂನ್ 18ರಂದು ತೀರಿಕೊಂಡರು. ಅವರ ಸಂಪುಟವನ್ನು ಇಂಗ್ಲಿಷಿನಲ್ಲಿ ಓದಿದ ಶ್ರೀಮತಿ ಲೆ ಗ್ವಿನ್ ಅವರಿಗೆ ಅದು ಕಣ್ಣು ತೆರೆಸಿದಂತಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, ಎಂಬತ್ತೊಂದು ತುಂಬುವ ತಿಂಗಳಿನಲ್ಲಿ, ತಾವೂ ಒಂದು ಕೈ ನೋಡೋಣವೆಂದು ಲೇಖನಿ ಹಿಡಿದರು.

ಮೊದಲು ಒಲ್ಲದ ರೂಪ ಮತ್ತೆ ಒಲಿದುದು ಹೇಗೆ? ಇದಕ್ಕೆ ಅವರೇ ಸೂಚಿಸುವ ಒಂದು ಕಾರಣವುಂಟು. ಪಾಶ್ಚಾತ್ಯರು ‘ಎಸ್ಸೆ’ ಎಂದು ಕರೆಯುವ ಮಾತಿಗೆ ಮೂಲಾರ್ಥ ‘ಯತ್ನ’ ಎಂದು. 1580ರಲ್ಲಿ ತನ್ನ ಬರಹಗಳನ್ನು ಪ್ರಕಟಿಸಿದ ಫ್ರಾನ್ಸಿನ ಮೊಂಟೇನ್ ಆ ಅರ್ಥದಲ್ಲಿಯೇ ಅವಕ್ಕೆ ಆ ಹೆಸರಿಟ್ಟನು. ಕನ್ನಡದಲ್ಲಿ ನಾವು ಬಳಸುವ ‘ಪ್ರಬಂಧ’ವಾದರೋ ಚೆನ್ನಾಗಿ ಬಂಧಿಸಿದುದು, ಕಟ್ಟಿ ಬಿಗಿದುದು. ಒಂದರಲ್ಲಿ ತಡವುವ ಕೈಯಿದೆ, ಇನ್ನೊಂದರಲ್ಲಿ ಮುಗಿಸಿದ ಕೈಯಿದೆ. ಶ್ರೀಮತಿಯವರು ಮೊದಲು ಬ್ಲಾಗನ್ನು ಎರಡನೆಯ ಅರ್ಥದಲ್ಲಿ ಹಿಡಿದು ದಣಿದರು. ಬಳಿಕ ಮೊದಲನೆಯ ಅರ್ಥದಲ್ಲಿ ಹಿಡಿದು ಹಗುರಾದರು. ಸಿದ್ಧಾಂತವನ್ನು ಸ್ಥಾಪಿಸಲೇಬೇಕೆಂಬ ಹೊಣೆ ಇಲ್ಲ, ಇಷ್ಟೇ ಪುಟಗಳೆಂಬ ಕಟ್ಟಳೆ ಇಲ್ಲ, ಸಂಭಾವನೆಯ ಋಣವೂ ಇಲ್ಲ. ಗ್ರಂಥಗಳನ್ನು ಬರಿಯ ಸರಕಾಗಿ ಕಾಣುವ ವ್ಯಾಪಾರ ಬುದ್ಧಿಯನ್ನು 2014ರ ನವೆಂಬರಿನಲ್ಲಿ ತಮ್ಮ ಗೌರವಾರ್ಥವಾಗಿ ನಡೆದ ಸಭೆಯಲ್ಲಿಯೇ ನಿರ್ಭಯವಾಗಿ ಖಂಡಿಸಿದ ಲೇಖಿಕೆಗೆ ಈ ಬಿಡುಗಡೆ ಎಷ್ಟು ಹಿತವಾಗಿದ್ದೀತೆಂದು ಊಹಿಸಬಹುದು.

ಈ ಬರಹಗಳಿಂದ ಆಯ್ದ ಸಂಪುಟ ‘ನೋ ಟೈಮ್ ಟು ಸ್ಪೇರ್’ ಎಂಬ ಹೆಸರಿನಿಂದ 2017ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಆ ಹೆಸರಿಗೆ ಕಾರಣವಾದ ಮೊದಲ ಲೇಖನವೇ ಗ್ರಂಥದ ಕೀಲಿ. ಶ್ರೀಮತಿಯವರು 1951ರಲ್ಲಿ ಪದವಿ ಪಡೆದ ತಂಡದವರಿಗೆ, ಅರುವತ್ತನೆಯ ವರ್ಷದ ಸಮ್ಮಿಲನದ ಸಲುವಾಗಿ, ವಿಶ್ವವಿದ್ಯಾನಿಲಯದವರು ಪ್ರಶ್ನೆಗಳ ಪಟ್ಟಿಯೊಂದನ್ನು ಕಳುಹಿಸಿದ್ದರು. ಬಿಡುವಿನ ವೇಳೆಯಲ್ಲಿ ಏನು ಮಾಡುವಿರಿ ಎಂಬುದು ಅದರಲ್ಲೊಂದು ಪ್ರಶ್ನೆ. ಉತ್ತರಕ್ಕಾಗಿ ಕೊಟ್ಟಿದ್ದ ಪಟ್ಟಿಯಲ್ಲಿ ಗಾಲ್ಫ್ ಆಟ ಮೊದಲಾದವುಗಳ ಸಾಲಿನಲ್ಲಿ ಚಿತ್ರ ಬರೆಯುವುದು, ಲೇಖನ ಬರೆಯುವುದು ಎಂಬ ‘ಸೃಷ್ಟಿಶೀಲ ಹವ್ಯಾಸ’ವೂ ಒಂದು! ಜೀವಮಾನದ ಕಾಯಕವನ್ನು ಬಿಡುವಿನ ವಿನೋದದ ಗುಂಪಿಗೆ ಸೇರಿಸಿದುದನ್ನು ಕಂಡು ಅವರು ಒಂದು ಕ್ಷಣ ತಡೆದು ನಿಲ್ಲುವರು. ಬಿಡುವಿನ ವೇಳೆಯೆಂದರೇನು? ಉದ್ಯೋಗದಲ್ಲಿರುವವನಿಗೆ ಉದ್ಯೋಗವಿಲ್ಲದ ವೇಳೆ ಬಿಡುವು. ನಿವೃತ್ತನಿಗೆ ಇರುವುದೆಲ್ಲವೂ ಬಿಡುವಾದರೆ ಆ ಮಾತಿಗೆ ಅರ್ಥವೇ ಉಳಿಯದು. ಓದು, ಬರಹ, ಅಡುಗೆ, ಮನೆವಾರ್ತೆ, ಬೆಕ್ಕಿನ ಆರೈಕೆ, ಕಿಟಕಿಯಾಚೆ ನೋಡುತ್ತ ಕುಳಿತಿರುವುದು ಇವೆಲ್ಲವೂ ಬಾಳಿನಿಂದ ತುಂಬಿದ ಕಾಲವೇ. ಬಾಳುವವರಿಗೆ ಬಿಡುವು ಎಲ್ಲಿಯದು? ಈ ವಿಚಾರಸರಣಿ ನಗುನಗುತ್ತ ಸಾಗಿ ಕಡೆಯಲ್ಲಿ ಓದುವವರ ಎದೆಯನ್ನು ತಟ್ಟುವುದು. ಏಕೆಂದರೆ ಉಳಿದ ಕಾಲ ಸ್ವಲ್ಪವೆಂಬ ಅರಿವು ಅದರ ಒಡಲಿನಲ್ಲಿದೆ.

ಮುಪ್ಪಿನ ವಿಷಯದಲ್ಲಿ ಅವರು ಸವಿಮಾತಿಗೆ ಮರುಳಾಗುವವರಲ್ಲ. ಮನಸ್ಸಿನಲ್ಲಿ ತರುಣರಾಗಿದ್ದರೆ ವಯಸ್ಸಾದಂತಲ್ಲ ಎಂಬ ಉಪಚಾರದ ಮಾತನ್ನು ಅವರು ನೇರವಾಗಿ ತಿರಸ್ಕರಿಸುವರು. ಮುಪ್ಪು ಮನಸ್ಸಿನ ಭ್ರಮೆಯಲ್ಲ, ದೇಹದ ಸತ್ಯ. ಅದನ್ನು ಇಲ್ಲವೆನ್ನುವುದು ಮುದುಕರನ್ನೇ ಇಲ್ಲವೆಂದಂತೆ ಎಂಬುದು ಅವರ ವಾದದ ಸಾರ. ನಮ್ಮ ಮನೆಗಳಲ್ಲಿ ಹಿರಿಯರ ಕಾಲಿಗೆರಗುವೆವು. ಆದರೆ ಅವರು ಮಂಡಿನೋವಿನ ಮಾತೆತ್ತಿದರೆ ವಿಷಯವನ್ನು ಬದಲಿಸುವೆವು. ಅಂತಹ ಮನೆಯವರೂ ಈ ಲೇಖನಗಳನ್ನು ಓದಿ ಯೋಚಿಸಬೇಕಾದುದಿದೆ.

ಆದರೂ ಲೇಖಿಕೆಯ ಸಂತೋಷ ಬಯಲಾಗಿ ಕಾಣುವುದು ಸಣ್ಣ ವಿಷಯಗಳಲ್ಲಿ. ಬೇಯಿಸಿದ ಮೊಟ್ಟೆಯನ್ನು ಅದರ ಚಿಪ್ಪಿನಿಂದಲೇ ತಿನ್ನುವ ಕಲೆಯನ್ನು ಕುರಿತು, ಬಟ್ಟಲು, ಚಮಚ, ಚಾಕುವಿನ ಪೆಟ್ಟು ಇವನ್ನೆಲ್ಲ ಬಣ್ಣಿಸುತ್ತ ಒಂದು ಲೇಖನವನ್ನೇ ಬರೆದಿದ್ದಾರೆ. ದಿನನಿತ್ಯದ ಕೆಲಸವೂ ಅವಧಾನವನ್ನು ಬೇಡುವುದೆಂದು ಅದು ತೋರಿಸುವುದೇ ಹೊರತು ಬೋಧಿಸುವುದಿಲ್ಲ. ಕಪ್ಪು ಬಿಳುಪು ಮೈಯ ‘ಪಾರ್ಡ್’ ಎಂಬ ಬೆಕ್ಕಿನ ವೃತ್ತಾಂತಗಳು ಗ್ರಂಥದ ಭಾಗಗಳ ನಡುನಡುವೆ ಬರುತ್ತವೆ. ಅವುಗಳಲ್ಲಿ ಒಂದು ಬಹು ಮನೋಹರವಾಗಿದೆ. ಪಾರ್ಡ್ ಇಲಿಯನ್ನು ಹಿಡಿಯಬಲ್ಲದು, ಕೊಲ್ಲಲು ಮಾತ್ರ ಅರಿಯದು. ತಾಯಿಯ ಬಳಿ ಅದರ ಶಿಕ್ಷಣ ಮುಗಿದಿಲ್ಲ. ಹುಟ್ಟುಗುಣ ಯಾವುದು, ಕಲಿತ ವಿದ್ಯೆ ಯಾವುದು, ಆಟ ಎಲ್ಲಿ ಮುಗಿದು ಕ್ರೌರ್ಯ ಎಲ್ಲಿ ಮೊದಲಾಗುವುದು ಎಂಬ ದೊಡ್ಡ ಪ್ರಶ್ನೆಗಳು ಮಂಚದ ಕೆಳಗಿನ ಈ ಸಣ್ಣ ಬೇಟೆಯಿಂದ ಏಳುತ್ತವೆ. ಲೇಖಿಕೆ ಬೆಕ್ಕನ್ನು ಮನುಷ್ಯನನ್ನಾಗಿ ಮಾಡುವುದಿಲ್ಲ. ಅದು ಅನ್ಯಜೀವಿಯಾಗಿಯೇ ಉಳಿಯುವುದು. ಅನ್ಯಲೋಕಗಳನ್ನು ಕಲ್ಪಿಸಿದ ಕಣ್ಣೇ ಇಲ್ಲಿ ಮನೆಯ ಬೆಕ್ಕನ್ನು ನೋಡುತ್ತಿರುವುದು.

ಕೋಪವನ್ನು ಕುರಿತ 2014ರ ಲೇಖನ ಇನ್ನೊಂದು ಬಗೆಯದು. ಅನ್ಯಾಯವನ್ನು ಎದುರಿಸಲು, ಮುಖ್ಯವಾಗಿ ಸ್ತ್ರೀಯರ ಹೋರಾಟದಲ್ಲಿ, ಕೋಪ ಆಯುಧವಾಗಿ ಒದಗಿತೆಂದು ಒಪ್ಪಿ, ಹೋರಾಟ ಕಳೆದ ಮೇಲೂ ಅದನ್ನು ಸಾಕುತ್ತಿದ್ದರೆ ಅದು ಸಾಕಿದವರನ್ನೇ ತಿನ್ನುವುದೆಂದು ಅವರು ಎಚ್ಚರಿಸುವರು. ಅಲ್ಲಿಗೆ ನಿಲ್ಲದೆ, ಇತರ ಲೇಖಕರ ಕೀರ್ತಿಯನ್ನು ಕಂಡು ತಮ್ಮಲ್ಲಿ ಏಳುವ ಅಸೂಯೆಯನ್ನೂ ಬಿಚ್ಚಿಡುವರು. ಹೋಮರನ ಕಾವ್ಯವನ್ನು ಕುರಿತ ಲೇಖನದಲ್ಲಿ, ಟ್ರಾಯ್ ನಗರದ ಯುದ್ಧ ಒಳಿತು ಕೆಡುಕುಗಳ ಕಾಳಗವಲ್ಲ, ಕವಿ ಯಾವ ಪಕ್ಷವನ್ನೂ ಹಿಡಿಯಲಿಲ್ಲ ಎಂದು ತೋರಿಸಿರುವುದು ಸೊಗಸಾಗಿದೆ. ಪಂಪನ ಕರ್ಣನನ್ನು ಬಲ್ಲ ಕನ್ನಡಿಗರಿಗೆ ಈ ಮಾತು ತಮ್ಮ ಮನೆಯದೇ ಎನಿಸೀತು.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮರೆಸಬಾರದು. ರಾಜಕೀಯವನ್ನೂ ಅರ್ಥನೀತಿಯನ್ನೂ ಕುರಿತ ಲೇಖನಗಳಲ್ಲಿ ಸರಮಾಗೊ ಅವರ ತೂಕವಿಲ್ಲ. ತಮ್ಮ ಯತ್ನಗಳಿಗೆ ಅಷ್ಟು ಭಾರವಿಲ್ಲವೆಂದು ಶ್ರೀಮತಿಯವರೇ ಮೊದಲಲ್ಲಿ ಹೇಳಿರುವುದು ವಿನಯ ಮಾತ್ರವಲ್ಲ, ನಿಜವೂ ಹೌದು. ಆ ದಿನದ ಸುದ್ದಿಗೆ ಅಂಟಿಕೊಂಡ ಮಾತುಗಳು ಆ ದಿನದೊಡನೆಯೇ ಬಾಡಿವೆ. ಕೆಲವೆಡೆ ವಿಚಾರ ಆರಂಭವಾಗುವಷ್ಟರಲ್ಲಿ ಲೇಖನ ಮುಗಿದುಹೋಗುವುದು. ದಿನವಹಿಯ ಗುಣವಾದ ಸಲಿಗೆಯೇ ಇಲ್ಲಿ ಅದರ ದೋಷವಾಗಿದೆ. ಆದರೆ ಸರಮಾಗೊ ದಿನವಹಿಯನ್ನು ಪೀಠವನ್ನಾಗಿ ಮಾಡಿಕೊಂಡರೆ ಶ್ರೀಮತಿಯವರು ಅದನ್ನು ಜಗಲಿಯನ್ನಾಗಿ ಮಾಡಿಕೊಂಡರು. ಪೀಠದ ಮಾತಿಗೆ ಗಾಂಭೀರ್ಯ ಹೆಚ್ಚು. ಜಗಲಿಯ ಮಾತನ್ನು ಮತ್ತೆ ಮತ್ತೆ ಕೇಳಬಹುದು.

ಇಂತಹ ಬರಹದ ರುಚಿ ಕನ್ನಡಕ್ಕೆ ಹೊಸದಲ್ಲ. 1937ರಲ್ಲಿ ‘ಹಗಲುಗನಸುಗಳು’ ಪ್ರಕಟವಾದಂದಿನಿಂದ ಲಲಿತ ಪ್ರಬಂಧದ ಸವಿಯನ್ನು ನಾವು ಬಲ್ಲೆವು. ಅದರ ಕರ್ತೃಗಳಾದ ಶ್ರೀ ಎ. ಎನ್. ಮೂರ್ತಿರಾಯರು 1991ರಲ್ಲಿ, ತೊಂಬತ್ತು ದಾಟಿದ ಮೇಲೆ, ‘ದೇವರು’ ಎಂಬ ನಿರ್ಭೀತ ಗ್ರಂಥವನ್ನು ಕೊಟ್ಟರು. ಮುಪ್ಪು ಬುದ್ಧಿಯ ಮೊನೆಯನ್ನು ಮಂಕುಗೊಳಿಸಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ.

ಶ್ರೀಮತಿ ಲೆ ಗ್ವಿನ್ ಅವರು ಸಂಪುಟ ಪ್ರಕಟವಾದ ಮರುತಿಂಗಳಲ್ಲಿ, 2018ರ ಜನವರಿ 22ರಂದು, ಪೋರ್ಟ್‌ಲ್ಯಾಂಡಿನಲ್ಲಿ ನಿಧನ ಹೊಂದಿದರು. ಬ್ಲಾಗ್ ಸಾಹಿತ್ಯವೆ ಎಂಬ ಪ್ರಶ್ನೆಗೆ ಈ ಗ್ರಂಥದ ಉತ್ತರ ಸ್ಪಷ್ಟವಾಗಿದೆ: ರೂಪದಿಂದ ಯಾವುದೂ ಸಾಹಿತ್ಯವಾಗದು, ರೂಪದ ದೆಸೆಯಿಂದ ಯಾವುದೂ ಸಾಹಿತ್ಯವಾಗದೆ ಹೋಗದು. ನೋಡುವ ಕಣ್ಣು, ಮಾತಿನ ಹದ, ಸತ್ಯದಲ್ಲಿ ನಿಷ್ಠೆ ಇವು ಮೂರೂ ಇದ್ದೆಡೆ ದಿನವಹಿಯ ಪುಟವೂ ಉಳಿಯುವುದು. ಕನ್ನಡ ನಾಡಿನ ಊರೂರುಗಳಲ್ಲಿ ನಿವೃತ್ತ ಉಪಾಧ್ಯಾಯರಿದ್ದಾರೆ, ಮನೆವಾರ್ತೆಯಲ್ಲಿ ಐವತ್ತು ವರ್ಷ ಕಳೆದ ತಾಯಂದಿರಿದ್ದಾರೆ. ಅವರು ಕಂಡುಂಡದ್ದು ಅಪಾರ. ಕಾದಂಬರಿ ಬರೆಯುವ ತ್ರಾಣವಿಲ್ಲವೆಂದು ಅವರು ಸುಮ್ಮನಿದ್ದಾರೆ. ಅವರ ಕೈಗೆ ಈ ಪುಸ್ತಕ ಸೇರಬೇಕು. ವಾರಕ್ಕೊಂದು ಪುಟ ಬರೆಯಲು ಅವರಲ್ಲಿ ಹತ್ತು ಮಂದಿಗೆ ಮನಸ್ಸಾದರೂ ಕನ್ನಡಕ್ಕೆ ಅದು ಸಣ್ಣ ಲಾಭವಲ್ಲ.