ಖಾಡಿಯ ಆಚೆಯ ಸೈಕಲ್ ದಾರಿ

ಮುಂಬೈಯಲ್ಲಿ ಸದ್ದಿಲ್ಲದ ಸೈಕಲ್ ಸವಾರಿ ಬೇಕೆಂದರೆ ಊರು ಬಿಟ್ಟು ಹೋಗಬೇಕಿಲ್ಲ, ಒಂದು ಖಾಡಿ, ಅಂದರೆ ಒಳನುಗ್ಗಿದ ಕಡಲ ಹಿನ್ನೀರು, ದಾಟಿದರೆ ಸಾಕು. ಮಲಾಡಿನ ಮಾರ್ವೆಯಲ್ಲಿ ಸೈಕಲ್ ಸಮೇತ ಫೆರಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಮನೋರಿ. ಕಾರಿನವರು ಭಾಯಂದರ್ ಸುತ್ತಿ ಬರಬೇಕು. ಆ ಸುತ್ತೇ ಈ ದಾರಿಯ ಕಾವಲು. ಬೆಳಗ್ಗೆ ಗೋರಾಯಿ, ಉತ್ತನ್ ಕಡೆಗೆ ಸಾಗುತ್ತ ಪೆಡಲ್ ನಿಲ್ಲಿಸಿದರೆ ಹಿಂದಿನ ಚಕ್ರದ ಫ್ರೀವೀಲಿನ ಟಿಕ್‌ಟಿಕ್ ಬಿಡಿಬಿಡಿಯಾಗಿ ಕೇಳುತ್ತದೆ. ಚೈನಿಗೆ ಎಣ್ಣೆ ಸಾಲದೆಂಬುದು ಕಿವಿಗೇ ಗೊತ್ತಾಗುತ್ತದೆ. ಟೈರಿನ ಗಾಳಿ ತುಸು ಇಳಿಸಿದರೆ ಒರಟು ಡಾಂಬರಿನ ನಡುಕ ಅಂಗೈಗೆ ಅಷ್ಟಾಗಿ ತಟ್ಟದು. ಬಿದಿರಿನ ಚೌಕಟ್ಟುಗಳಲ್ಲಿ ಬಾಯಿಗೆ ಬಾಯಿ ಸಿಕ್ಕಿಸಿ ಒಣಹಾಕಿದ ಬೊಂಬಿಲ್ ಮೀನಿನ ವಾಸನೆ, ಊರು ಕಾಣುವ ಮೊದಲೇ ಸುಳಿವು ಕೊಡುತ್ತದೆ.

ಸೈಕಲ್ ಸವಾರರು ಹಾಡಿಹೊಗಳುವ ಫ್ರಾನ್ಸಿನ ಹಳ್ಳಿದಾರಿಗಳಿಗೆ ಇದು ಸಾಟಿಯೇ? ಅಲ್ಲಿನ ಉದ್ದ ಇಲ್ಲಿಲ್ಲ, ನಿಜ. ಭಾನುವಾರ ಬೈಕು, ರಿಕ್ಷಾಗಳ ಗದ್ದಲವೂ ಉಂಟು. ಆದರೆ ಸವಾರಿಯ ಸುಖ ಕಿಲೋಮೀಟರಿನಲ್ಲಿಲ್ಲ, ಬೆನ್ನ ಹಿಂದಿನ ಹಾರ್ನಿಗೆ ಬೆಚ್ಚದೆ ರಸ್ತೆಯ ಏರಿಳಿತಕ್ಕೆ ಗೇರ್ ಹೊಂದಿಸುವ ನಿರಾಳದಲ್ಲಿದೆ. ಹಾಗಾದರೆ ಖಾಡಿಗೆ ಸೇತುವೆ ಬೇಡವೇ ಎಂದರೆ, ಆಸ್ಪತ್ರೆಗೆ ಓಡಬೇಕಾದ ಊರವರ ಬೇಡಿಕೆ ನ್ಯಾಯವಾದದ್ದೇ. ಸೇತುವೆ ಬಂದರೂ ಒಳರಸ್ತೆಗಳಿಗೆ ಕಟ್ಟುನಿಟ್ಟಿನ ವೇಗಮಿತಿ ಇದ್ದರೆ ಈ ನಿರಾಳವನ್ನು ಉಳಿಸಿಕೊಳ್ಳಬಹುದು.