ಊರಿಗೆ ಮರಳುವ ಕತೆಯಲ್ಲಿ ಟಿಕೆಟ್ ಎಲ್ಲಿ?

2016ರಲ್ಲಿ ಬಂದ ‘ಏರ್‌ಲಿಫ್ಟ್’ ಹಿಂದಿ ಸಿನಿಮಾವನ್ನು ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. 1990ರಲ್ಲಿ ಇರಾಕ್ ಸೈನ್ಯ ಕುವೈತಿಗೆ ನುಗ್ಗಿದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಭಾರತೀಯರನ್ನು ಊರಿಗೆ ಕರೆತಂದ ಕತೆ ಅದು. ಅಕ್ಷಯ್ ಕುಮಾರ್ ಮಾಡಿದ ರಂಜಿತ್ ಕಟಿಯಾಲ್, ಮೊದಮೊದಲು ಭಾರತ ಅಂದ್ರೆ ಮೂಗು ಮುರಿಯುವ ಕುವೈತಿನ ವ್ಯಾಪಾರಿ. ಕೊನೆಗೆ ಅಮ್ಮಾನ್‌ನಲ್ಲಿ ತ್ರಿವರ್ಣ ಧ್ವಜ ಏರುವಾಗ ಅವನ ಮನಸ್ಸು ಕರಗುತ್ತೆ. ಆಗ ನಮ್ಮ ಕಣ್ಣೂ ಒದ್ದೆಯಾಗುತ್ತೆ, ಸುಳ್ಳು ಯಾಕೆ ಹೇಳಬೇಕು. ಆದರೆ ಸಿನಿಮಾ ಬಂದ ಹೊಸದರಲ್ಲೇ ವಿದೇಶಾಂಗ ಸಚಿವಾಲಯದ ವಕ್ತಾರರು, ಇದರಲ್ಲಿ ಸತ್ಯಾಂಶ ಕಡಿಮೆ ಅಂತ ತಕರಾರು ತೆಗೆದಿದ್ದರು. 488 ವಿಮಾನಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ತಂದ ಏರ್ ಇಂಡಿಯಾ ಮತ್ತು ಅಧಿಕಾರಿಗಳ ಕೆಲಸವನ್ನು ಒಬ್ಬ ನಾಯಕನ ತಲೆ ಮೇಲೆ ಹೊರಿಸಿದ್ದು ಅವರಿಗೆ ಹಿಡಿಸಿರಲಿಲ್ಲ.

ನನ್ನ ತಕರಾರು ಬೇರೆ. ನಾಯಕ ವ್ಯಾಪಾರಿಯೇ ಆಗಲಿ, ಸರ್ಕಾರವೇ ಆಗಲಿ, ಇಂಥ ಕತೆಯಲ್ಲಿ ಕಾಯುತ್ತಾ ಕೂತವರು ಬರೀ ಗುಂಪಾಗಿ ಉಳೀತಾರೆ. ಆ ಗುಂಪಿನಲ್ಲಿ ಮೊದಲು ವಿಮಾನ ಹತ್ತಿದವರು ಯಾರು, ಕೊನೆಗೆ ಹತ್ತಿದವರು ಯಾರು, ಹತ್ತಲಾಗದೇ ಉಳಿದವರು ಯಾರು, ಸೀಟಿಗೆ ದುಡ್ಡು ಕೊಟ್ಟವರು ಯಾರು ಅನ್ನೋ ಪ್ರಶ್ನೆಗಳು ಧ್ವಜದ ದೃಶ್ಯದ ಮುಂದೆ ಸಣ್ಣದಾಗಿ ಕಾಣುತ್ತವೆ. 2020ರಲ್ಲಿ ಕೋವಿಡ್ ಬಂದಾಗ ಇದೇ ಸಿನಿಮಾ ನಮ್ಮ ತಲೆಯೊಳಗೆ ಮತ್ತೆ ಓಡಿತು. ಅದಕ್ಕೆ ಮಲೇಷ್ಯಾದಲ್ಲಿ ಆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

2020ರ ಮಾರ್ಚ್ 17. ಅಫ್ಘಾನಿಸ್ತಾನ, ಫಿಲಿಪ್ಪೀನ್ಸ್ ಮತ್ತು ಮಲೇಷ್ಯಾದಿಂದ ಪ್ರಯಾಣಿಕರು ಬರುವಂತಿಲ್ಲ ಅಂತ ಭಾರತ ಆದೇಶ ಹೊರಡಿಸಿತು. ಅವತ್ತು ಮಧ್ಯಾಹ್ನ 3 ಗಂಟೆಯ ನಂತರ ಆ ದೇಶಗಳಿಂದ ಯಾವ ವಿಮಾನವೂ ಭಾರತಕ್ಕೆ ಹೊರಡುವಂತಿರಲಿಲ್ಲ. ಮಲೇಷ್ಯಾದ ಗಡಿಯಾರದಲ್ಲಿ ಅದು ಸಂಜೆ ಐದೂವರೆ. ಅತ್ತ ಫಿಲಿಪ್ಪೀನ್ಸ್‌ನಲ್ಲಿ ಲೂಜಾನ್ ದ್ವೀಪಕ್ಕೆ ಬೀಗ ಬಿದ್ದಿತ್ತು, ಹೊರದೇಶದವರು 72 ಗಂಟೆಯೊಳಗೆ ಹೊರಡಬಹುದು ಅಂತ ಹೇಳಿದ್ದರು. ಅಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ಹುಡುಗ ಹುಡುಗಿಯರು ಗಂಟು ಮೂಟೆ ಕಟ್ಟಿ ಹೊರಟರು. ಕ್ವಾಲಾಲಂಪುರದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು, ಅಷ್ಟರಲ್ಲಿ ಬಾಗಿಲು ಮುಚ್ಚಿತು. ಹಿಂದಕ್ಕೆ ಹೋಗಲಾಗದು, ಮುಂದಕ್ಕೂ ಹೋಗಲಾಗದು. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡೋಣ ಅಂದ್ರೆ ಮಾರ್ಚ್ 18ರಿಂದ ಮಲೇಷ್ಯಾದಲ್ಲೂ ಸಂಚಾರ ನಿರ್ಬಂಧ, ವಿದೇಶಿಯರಿಗೆ ಪ್ರವೇಶ ಇಲ್ಲ.

ಈ ವಿದ್ಯಾರ್ಥಿಗಳ ಅಳಲು ವಿಡಿಯೋಗಳಾಗಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ದೆಹಲಿಗೂ ವಿಶಾಖಪಟ್ಟಣಕ್ಕೂ ಏರ್‌ಏಷ್ಯಾ ವಿಮಾನಗಳಿಗೆ ಒಪ್ಪಿಗೆ ಕೊಟ್ಟಿದ್ದೇವೆ ಅಂತ ವಿದೇಶಾಂಗ ಸಚಿವ ಎಸ್. ಜೈಶಂಕರ್ ಟ್ವೀಟ್ ಮಾಡಿದರು. ಮಕ್ಕಳು ಬಂದರು, ಒಳ್ಳೇದಾಯ್ತು. ಆದರೆ ಕತೆಯಾಗಿ ನೋಡಿದಾಗ ಇಲ್ಲೊಂದು ವಿಚಿತ್ರ ಇದೆ. ಬಾಗಿಲು ಮುಚ್ಚಿದ ಕೈ, ತೆರೆದ ಕೈ ಎರಡೂ ಒಂದೇ. ಮುಚ್ಚಿದ್ದು ಆದೇಶದಲ್ಲಿದೆ, ತೆರೆದದ್ದು ಟ್ವೀಟಿನಲ್ಲಿದೆ. ಜನರ ನೆನಪಲ್ಲಿ ಉಳಿದದ್ದು ಟ್ವೀಟು.

ನಮ್ಮ ಸುದ್ದಿ ಕನ್ನಡವೂ ಈ ಮರೆವಿಗೆ ಕೈ ಜೋಡಿಸಿತು ಅನ್ನಿಸುತ್ತೆ. ಕನ್ನಡ ಕಲಿಯುತ್ತಿರುವವರು ಮೂರು ಪದಗಳನ್ನು ಗಮನಿಸಿ. ಮೊದಲನೆಯದು ‘ಅತಂತ್ರ’. ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ‘ಅತಂತ್ರ ವಿಧಾನಸಭೆ’ ಅಂತೀವಲ್ಲ, ಅದೇ ಪದ. ಹೊರದೇಶದಲ್ಲಿ ಸಿಕ್ಕಿಕೊಂಡವರೂ ಅತಂತ್ರರು. ಪದ ಚೆನ್ನಾಗಿದೆ, ಆದರೆ ಅದರಲ್ಲಿ ಕಾರಣ ಇಲ್ಲ. ವಿಮಾನ ರದ್ದು ಮಾಡಿದವರು, ಸಂಬಳ ನಿಲ್ಲಿಸಿದವರು, ಪಾಸ್‌ಪೋರ್ಟ್ ಇಟ್ಟುಕೊಂಡ ಏಜೆಂಟು ಯಾರೂ ಆ ಪದದೊಳಗೆ ಕಾಣಿಸೋದಿಲ್ಲ. ಮಳೆ ಬಂದ ಹಾಗೆ, ಗಾಳಿ ಬೀಸಿದ ಹಾಗೆ, ಜನ ತಾವಾಗಿಯೇ ಅತಂತ್ರರಾಗಿಬಿಡ್ತಾರೆ.

ಎರಡನೆಯದು ‘ಕರೆತರಲಾಯಿತು’. ಮಾಡಿದವರ ಹೆಸರಿಲ್ಲದೆ ನಡೆಯುವ ಕ್ರಿಯಾಪದ ಇದು. ತಾನೇ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಬಂದವನನ್ನೂ ಮಗುವಿನಂತೆ ಯಾರೋ ಎತ್ತಿಕೊಂಡು ಬಂದ ಹಾಗೆ ಕೇಳಿಸುತ್ತೆ. ‘ಬಂದರು’ ಅನ್ನೋದಕ್ಕೂ ‘ಕರೆತರಲಾಯಿತು’ ಅನ್ನೋದಕ್ಕೂ ನಡುವೆ ಒಂದು ಟಿಕೆಟಿನ ಬೆಲೆಯಷ್ಟು ವ್ಯತ್ಯಾಸ ಇದೆ.

ಮೂರನೆಯದು ‘ಪ್ರವಾಸಿ’. ಹಿಂದಿಯಲ್ಲಿ ಪ್ರವಾಸಿ ಅಂದ್ರೆ ನೆಲೆ ಬಿಟ್ಟು ದುಡಿಯಲು ಹೋದವನು. ಕನ್ನಡದಲ್ಲಿ ಅದೇ ಪದ ಹಂಪಿ, ಜೋಗ ನೋಡಲು ಹೋದವನಿಗೆ. ದುಡಿಯಲು ಹೋದವನಲ್ಲಿ ನಾವು ಎರಡು ಜಾತಿ ಮಾಡಿದ್ದೇವೆ: ಕಾಸಿದ್ದರೆ ‘ಅನಿವಾಸಿ’, ಇಲ್ಲದಿದ್ದರೆ ‘ವಲಸೆ ಕಾರ್ಮಿಕ’. ಮಲೇಷ್ಯಾದಲ್ಲಿ ಆಗ ಮೂರೂ ಥರದವರಿದ್ದರು. ಒಂದು ವಾರದ ಟೂರ್ ಪ್ಯಾಕೇಜಿಗೆ ಬಂದವರು, ಐಟಿ ಕಂಪನಿಯ ಕೆಲಸದವರು, ಹೋಟೆಲು ಅಂಗಡಿಗಳಲ್ಲಿ ದುಡಿಯುವವರು. ಅವರಲ್ಲಿ ಕೆಲವರ ಕೈಯಲ್ಲಿ ಸರಿಯಾದ ಕಾಗದ ಇತ್ತು, ಕೆಲವರ ಕೈಯಲ್ಲಿ ಇರಲಿಲ್ಲ. ಸುದ್ದಿಯಲ್ಲಿ ಮಾತ್ರ ಎಲ್ಲರೂ ‘ಸಿಲುಕಿದ ಭಾರತೀಯರು’.

ಮಾರ್ಚ್ 22ರಿಂದ ಭಾರತಕ್ಕೆ ಅಂತರರಾಷ್ಟ್ರೀಯ ವಿಮಾನಗಳೇ ನಿಂತವು. ‘ವಂದೇ ಭಾರತ್’ ಶುರುವಾದದ್ದು ಮೇ 7ರಂದು, ಅಬುಧಾಬಿ ಮತ್ತು ದುಬೈಯಿಂದ ಕೇರಳಕ್ಕೆ. ಮೊದಲ ಹಂತದಲ್ಲಿ 12 ದೇಶಗಳಿಂದ 64 ವಿಮಾನ, ಸುಮಾರು 14,800 ಜನ ಅನ್ನೋದು ಯೋಜನೆ. ಪಟ್ಟಿಯಲ್ಲಿ ಮಲೇಷ್ಯಾ ಇತ್ತು. ಕ್ವಾಲಾಲಂಪುರದಿಂದ ಮೇ 9ರಂದು ಹೊರಟ ವಿಮಾನ ಹೋದದ್ದು ತಿರುಚ್ಚಿಗೆ. ಮಾರ್ಚ್ 17ರಿಂದ ಲೆಕ್ಕ ಹಾಕಿದರೆ 53 ದಿನ. ಸಿನಿಮಾದಲ್ಲಿ ಈ 53 ದಿನ ಒಂದು ಹಾಡಿನಲ್ಲಿ ಮುಗಿದುಹೋಗುತ್ತೆ. ನಿಜದಲ್ಲಿ ಅದು ಬಾಡಿಗೆ, ಊಟ, ಸಕ್ಕರೆ ಕಾಯಿಲೆಯ ಮಾತ್ರೆ, ಮುಗಿಯುತ್ತಾ ಬರುವ ವೀಸಾ. ಹೈಕಮಿಷನ್ನಿನ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ ಕಾಯುವ ಕೆಲಸ.

ಆ ಪಟ್ಟಿಯ ನಿಯಮಗಳನ್ನು ಗೃಹ ಸಚಿವಾಲಯ ಮೇ 5ರಂದು ಹೊರಡಿಸಿತು. ನನ್ನ ಮಟ್ಟಿಗೆ ಇಡೀ ಪ್ರಸಂಗದಲ್ಲಿ ಓದಲೇಬೇಕಾದ ಬರಹ ಅದೇ, ‘ಏರ್‌ಲಿಫ್ಟ್’ನ ಸಂಭಾಷಣೆಗಿಂತ ಹೆಚ್ಚು ಹೇಳುತ್ತೆ. ಸಂಕಟದಲ್ಲಿರುವವರಿಗೆ ಮೊದಲ ಆದ್ಯತೆ ಅಂತ ಅದರಲ್ಲಿದೆ: ಕೆಲಸ ಕಳೆದುಕೊಂಡ ಕಾರ್ಮಿಕರು, ವೀಸಾ ಮುಗಿಯುತ್ತಿರುವವರು, ಗರ್ಭಿಣಿಯರು, ವಯಸ್ಸಾದವರು, ಮನೆಯಲ್ಲಿ ಸಾವಾದವರು, ವಿದ್ಯಾರ್ಥಿಗಳು. ಮನುಷ್ಯರ ಕಷ್ಟ ತಿಳಿದವರು ಬರೆದ ಪಟ್ಟಿ. ಅದರ ಜೊತೆಗೇ ಇನ್ನೂ ಮೂರು ಮಾತಿವೆ. ಪ್ರಯಾಣದ ಖರ್ಚು ಪ್ರಯಾಣಿಕರದ್ದೇ. ನನ್ನ ಸ್ವಂತ ಹೊಣೆಯಲ್ಲಿ ಪ್ರಯಾಣ ಮಾಡುತ್ತಿದ್ದೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕು. ಇಳಿದ ಮೇಲೆ 14 ದಿನ ಕ್ವಾರಂಟೈನ್, ಅದಕ್ಕೂ ದುಡ್ಡು ಕೊಡಬೇಕು.

ವಿಮಾನ ಒಂದು ಕಡೆ ಖಾಲಿ ಹೋಗಬೇಕು, ಸಿಬ್ಬಂದಿ ಜೀವ ಪಣಕ್ಕಿಡಬೇಕು, ಖರ್ಚು ಯಾರಾದರೂ ಕೊಡಲೇಬೇಕಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಆಗ ಸರ್ಕಾರವೇ ಹೇಳಿದ ದರ ನೋಡಿ: ಲಂಡನ್–ಮುಂಬೈ 50,000 ರೂಪಾಯಿ, ಢಾಕಾ–ದೆಹಲಿ 12,000. ಕಂಪನಿ ಕೊಡುವ ಐಟಿ ಎಂಜಿನಿಯರಿಗೆ ಇದು ಕೊಡಬಹುದಾದ ದರ. ಎರಡು ತಿಂಗಳು ಸಂಬಳ ಇಲ್ಲದ ಹೋಟೆಲು ಕೆಲಸದವನಿಗೆ ಅರ್ಧದಷ್ಟಾದರೂ ಭಾರವೇ. ಕಷ್ಟದ ಪಟ್ಟಿಯಲ್ಲಿ ಅವನ ಹೆಸರು ಮೊದಲು, ಟಿಕೆಟ್ ಕೌಂಟರಿನಲ್ಲಿ ಕೊನೆಗೆ. ಹಣ ತಗೊಂಡದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಹಣ ತಗೊಂಡು ‘ರಕ್ಷಣೆ’ ಅಂತ ಕರೆದದ್ದರಿಂದ, ಹಣ ಇಲ್ಲದವನ ಕತೆ ಹೇಳಲು ಪದವೇ ಉಳಿಯಲಿಲ್ಲ.

ತಿರುಚ್ಚಿಯ ವಿಚಾರಕ್ಕೆ ಬರ್ತೀನಿ. ಮಲೇಷ್ಯಾದ ಭಾರತೀಯ ಮೂಲದವರಲ್ಲಿ ಬಹುಪಾಲು ತಮಿಳರು. ರಬ್ಬರ್ ತೋಟಗಳ ಕಾಲದಲ್ಲಿ ನಾಗಪಟ್ಟಣ, ಮದರಾಸಿನಿಂದ ಹಡಗು ಹತ್ತಿದವರ ದಾರಿಯಲ್ಲೇ ಇವತ್ತಿನ ವಿಮಾನಗಳೂ ಹಾರುತ್ತವೆ. ಹಾಗಾಗಿ ತಿರುಚ್ಚಿ ಮೊದಲು ಬಂದದ್ದು ಸಹಜ. ಈಗ ಆ ವಿಮಾನದಲ್ಲಿ ಮಂಡ್ಯದವರೊಬ್ಬರು ಇದ್ದರು ಅಂತ ಊಹಿಸಿಕೊಳ್ಳಿ. ಮೇ 9ಕ್ಕೆ ಇಳಿದು 14 ದಿನ ತಮಿಳುನಾಡಿನಲ್ಲಿ ಕ್ವಾರಂಟೈನ್ ಮುಗಿಸುವಷ್ಟರಲ್ಲಿ ಮೇ 23. ಆದರೆ ಮೇ 18ರಂದೇ ಕರ್ನಾಟಕ ಸರ್ಕಾರ, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ಮೇ 31ರವರೆಗೆ ಪ್ರವೇಶ ಇಲ್ಲ ಅಂತ ಘೋಷಿಸಿತ್ತು. ಸಮುದ್ರ ದಾಟಿದವರು ಹೊಸೂರಿನ ಆಚೆ ನಿಲ್ಲಬೇಕು. ‘ತಾಯ್ನಾಡು’ ಅನ್ನೋ ಪದ ವಿಮಾನ ನೆಲ ಮುಟ್ಟಿದ ಕೂಡಲೇ ಮುಗಿದುಹೋಗುತ್ತೆ, ಮನೆ ಇನ್ನೂ ದೂರ ಇರುತ್ತೆ.

ಹಾಗಾದ್ರೆ ಇಂಥ ಕತೆಯನ್ನು ಚೆನ್ನಾಗಿ ಹೇಳಿದವರೇ ಇಲ್ವಾ? ಇದ್ದಾರೆ. ಮಹೇಶ್ ನಾರಾಯಣನ್ ನಿರ್ದೇಶನದ ಮಲಯಾಳಂ ಸಿನಿಮಾ ‘ಟೇಕ್ ಆಫ್’ (2017) ನೋಡಿ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಸಿಕ್ಕಿಕೊಂಡು ಜುಲೈ 5ರಂದು ಕೊಚ್ಚಿಗೆ ಬಂದಿಳಿದ 46 ನರ್ಸುಗಳ ಪ್ರಸಂಗ ಅದಕ್ಕೆ ಆಧಾರ. ಪಾರ್ವತಿ ಮಾಡಿದ ಸಮೀರಾ ಇರಾಕಿಗೆ ಹೋಗುವ ಮೊದಲೇ ಅವಳ ಮನೆಯ ಸಾಲ ನಮಗೆ ಗೊತ್ತಾಗಿರುತ್ತೆ. ಯುದ್ಧದ ನಡುವೆಯೂ ಕೆಲವು ನರ್ಸುಗಳು ಹೊರಡಲು ಹಿಂದೆಮುಂದೆ ನೋಡಿದ್ದು ಯಾಕೆ ಅಂತ ಆಗ ಅರ್ಥ ಆಗುತ್ತೆ: ಬರಬೇಕಾದ ಸಂಬಳ ಬಂದಿಲ್ಲ, ಬರಿಗೈಲಿ ಹೋದರೆ ಸಾಲಗಾರ ಬಾಗಿಲಲ್ಲಿ ನಿಂತಿರ್ತಾನೆ. ಈ ಸಿನಿಮಾ ಕೂಡ ಕೊನೆಗೆ ಅಧಿಕಾರಿಗಳ ಸಾಹಸಕ್ಕೆ ಜಾರುತ್ತೆ. ಆದರೂ ಹೊರಟದ್ದು ಯಾಕೆ ಅಂತ ಹೇಳಿದ್ದರಿಂದ ಮರಳುವುದಕ್ಕೆ ತೂಕ ಬಂತು.

ಇನ್ನೊಂದು, ಮಲೇಷ್ಯಾದ್ದೇ. ಅಲ್ ಜಜೀರಾ ವಾಹಿನಿಯಲ್ಲಿ 2020ರ ಜುಲೈ 3ರಂದು ಬಂದ ‘ಲಾಕ್ಡ್ ಅಪ್ ಇನ್ ಮಲೇಷ್ಯಾಸ್ ಲಾಕ್‌ಡೌನ್’ ಸಾಕ್ಷ್ಯಚಿತ್ರ. ಮೇ 1ರಂದು, ಅಂದರೆ ಕಾರ್ಮಿಕರ ದಿನವೇ, ಕ್ವಾಲಾಲಂಪುರದ ಮಸ್ಜಿದ್ ಇಂಡಿಯಾ ಪ್ರದೇಶದಲ್ಲಿ ವಲಸೆ ಇಲಾಖೆ ದಾಳಿ ನಡೆಸಿ ಕಾಗದಪತ್ರ ಇಲ್ಲದ ನೂರಾರು ವಿದೇಶಿ ಕಾರ್ಮಿಕರನ್ನು ಹಿಡಿದಿತ್ತು. ಕಾಗದ ಇಲ್ಲದಿದ್ದರೂ ಹೆದರದೆ ಪರೀಕ್ಷೆಗೆ ಬನ್ನಿ ಅಂತ ಅಲ್ಲಿನ ಸರ್ಕಾರ ಕೆಲವೇ ವಾರಗಳ ಹಿಂದೆ ಹೇಳಿತ್ತು. ದಾಳಿ ಬೇಡ ಅಂತ ವಿಶ್ವಸಂಸ್ಥೆ ಕೇಳಿಕೊಂಡಿತು. ಈ ಚಿತ್ರದ ವಸ್ತು ವಿಮಾನವಲ್ಲ, ದಾಳಿ. ಆದರೆ ನಮ್ಮ ಮರಳಿ ಬಂದವರ ಕತೆಗಳಲ್ಲಿ ಬಿಟ್ಟುಹೋದ ಅರ್ಧ ಇಲ್ಲಿದೆ. ಊರಿಗೆ ಹೋಗಲೂ ಆಗದೆ ಅಲ್ಲಿರಲೂ ಆಗದೆ ಇರುವ ಇವರನ್ನು ಯಾರೂ ‘ಅತಂತ್ರ’ ಅನ್ನಲಿಲ್ಲ, ‘ಅಕ್ರಮ’ ಅಂದರು.

ಚಿತ್ರದಲ್ಲಿ ಮುಖ ತೋರಿಸಿ ಮಾತಾಡಿದ ಬಾಂಗ್ಲಾದೇಶದ ಯುವಕ ರೇಹಾನ್ ಕಬೀರ್. ಅವರ ಫೋಟೋ ಹಾಕಿ ಮಾಹಿತಿ ಕೊಡಿ ಅಂತ ವಲಸೆ ಇಲಾಖೆ ಸಾರ್ವಜನಿಕರನ್ನು ಕೇಳಿತು. ಕೆಲಸದ ಪರವಾನಗಿ ರದ್ದಾಯಿತು, ಜುಲೈ 24ರಂದು ಬಂಧನ ಆಯಿತು, ಆಗಸ್ಟ್ 21ರಂದು ವಿಮಾನ ಹತ್ತಿಸಿ ಗಡೀಪಾರು ಮಾಡಿದರು. ಪತ್ರಕರ್ತರನ್ನೂ ಪೊಲೀಸರು ವಿಚಾರಣೆಗೆ ಕರೆದರು. ಜನ ಊರಿಗೆ ಹೋಗಲು ತಿಂಗಳುಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಒಬ್ಬನಿಗೆ ಅದೇ ವಿಮಾನ ಶಿಕ್ಷೆಯಾಯಿತು. ಸಾಕ್ಷ್ಯಚಿತ್ರವನ್ನು ಏಕಪಕ್ಷೀಯ ಅಂತ ಮಲೇಷ್ಯಾ ಸರ್ಕಾರ ಟೀಕಿಸಿತು. ಟೀಕಿಸಲಿ, ಅದು ಅದರ ಹಕ್ಕು. ಆದರೆ ಟೀಕೆಗೆ ಉತ್ತರವಾಗಿ ಸಾಕ್ಷಿ ಹೇಳಿದವನನ್ನೇ ದೇಶದಿಂದ ಕಳಿಸಿದರೆ, ಚಿತ್ರ ಹೇಳಿದ್ದನ್ನು ಸರ್ಕಾರವೇ ಮುಂದುವರಿಸಿ ತೋರಿಸಿದ ಹಾಗಾಯ್ತು.

ಮಲೇಷ್ಯಾದವರು ಹಾಗೆ, ನಾವು ಹೀಗೆ ಅಂತ ಬೀಗುವ ಮೊದಲು ಮೇ 5ರ ಇನ್ನೊಂದು ಸುದ್ದಿ ನೆನಪಿಸಿಕೊಳ್ಳಿ. ಹೊರದೇಶದಿಂದ ಬರುವವರ ನಿಯಮಗಳು ದೆಹಲಿಯಲ್ಲಿ ಹೊರಟ ಅದೇ ದಿನ, ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಕಟ್ಟಡ ಕೆಲಸದವರನ್ನು ಬಿಹಾರ, ಉತ್ತರಪ್ರದೇಶಗಳಿಗೆ ಕರೆದೊಯ್ಯಬೇಕಿದ್ದ ಶ್ರಮಿಕ್ ರೈಲುಗಳು ಬೇಡ ಅಂತ ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಗದ್ದಲ ಆಗಿ ಒಂದೆರಡು ದಿನದಲ್ಲಿ ನಿರ್ಧಾರ ಬದಲಾಯ್ತು, ನಿಜ. ಆದರೆ ಆ ದಿನ ಬೆಂಗಳೂರಿನ ಶೆಡ್ಡುಗಳಲ್ಲಿ ಇದ್ದವರೂ ಊರಿಗೆ ಹೋಗಲಾಗದೆ ಸಿಲುಕಿದವರೇ. ಅವರನ್ನು ತಡೆದು ನಿಲ್ಲಿಸಿದ್ದು ವೈರಸ್ಸಲ್ಲ, ನಮ್ಮ ಅಪಾರ್ಟ್‌ಮೆಂಟುಗಳು.

ಈ ಬರಹವನ್ನು ಓದ್ತಿರೋ ನಿಮ್ಮಲ್ಲಿ ಕೆಲವರು ಆಗ ಹೊರದೇಶದಲ್ಲಿ ಕಾದಿದ್ದವರು, ಕೆಲವರ ಅಪ್ಪ ಅಮ್ಮ ಕಾದಿದ್ದವರು. ಮನೆಯಲ್ಲಿ ಕೇಳಿ ನೋಡಿ. ಹೈಕಮಿಷನ್ನಿಂದ ಬಂದ ಇಮೇಲು, ವಾಟ್ಸಾಪ್ ಗುಂಪಿನಲ್ಲಿ ಸುಳ್ಳೋ ನಿಜವೋ ಹರಿದಾಡಿದ ವಿಮಾನದ ಪಟ್ಟಿ, ಸಹಿ ಹಾಕಿದ ಮುಚ್ಚಳಿಕೆ, ಕ್ವಾರಂಟೈನ್ ಹೋಟೆಲಿನ ಬಿಲ್ಲು ಇನ್ನೂ ಎಲ್ಲಾದರೂ ಇರುತ್ತೆ. ಜೊತೆಗೆ ಇನ್ನೊಂದನ್ನೂ ಕೇಳಿ: ನೀವು ಹೊರಟಾಗ ನಿಮ್ಮ ಬೀದಿಯಲ್ಲಿ, ನಿಮ್ಮ ಕಟ್ಟಡದಲ್ಲಿ ಹಿಂದೆ ಉಳಿದವರು ಯಾರು, ಅವರ ಸುದ್ದಿ ಆಮೇಲೆ ಸಿಕ್ಕಿತಾ? ಕನ್ನಡದಲ್ಲಿ ಯಾರಾದರೂ ಈ ಕಾಲದ ಕತೆ, ಕಾದಂಬರಿ, ಸಿನಿಮಾ ಮಾಡೋದಾದ್ರೆ ಧ್ವಜದಿಂದ ಶುರು ಮಾಡೋದು ಬೇಡ. ಆ ಹೋಟೆಲ್ ಬಿಲ್ಲಿನಿಂದ ಶುರು ಮಾಡಲಿ. ಅದರಲ್ಲಿ ದಿನಾಂಕ ಇದೆ, ಮೊತ್ತ ಇದೆ, ಕಟ್ಟಿದವರ ಹೆಸರೂ ಇದೆ.