ಇಸ್ತಾಂಬುಲ್ಲಿನ ಬೆಕ್ಕುಗಳು, ಡೊಂಬಿವಲಿಯ ಸೊಸೈಟಿ

ಬೆಕ್ಕುಗಳ ಬಗ್ಗೆ ಒಂದು ಗಂಟೆ ಇಪ್ಪತ್ತು ನಿಮಿಷದಷ್ಟು ಉದ್ದದ ಸಿನಿಮಾ ಇದೆ, ಅದನ್ನು ಅಮೆರಿಕದ ಜನ ಥಿಯೇಟರಿಗೆ ದುಡ್ಡು ಕೊಟ್ಟು ಹೋಗಿ ನೋಡಿದರು ಅಂದರೆ ಊರ ಕಡೆಯವರು ನಂಬುವುದು ಕಷ್ಟ. ಅದರ ಹೆಸರು ‘ಕೆಡಿ’. 2016ರಲ್ಲಿ ಬಂದದ್ದು. ನಿರ್ದೇಶಕಿ ಜೇಯ್ದಾ ತೊರುನ್. ತುರ್ಕಿ ಭಾಷೆಯಲ್ಲಿ ಕೆಡಿ ಎಂದರೆ ಬೆಕ್ಕು. ನಮ್ಮಲ್ಲಿ ಕೇಡಿ ಎಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾಲಿನ ಪಾತ್ರೆಗೆ ಮುಚ್ಚಳ ಹಾಕಲು ಮರೆತ ಯಾವ ಹೆಂಗಸನ್ನು ಕೇಳಿದರೂ ಎರಡೂ ಒಂದೇ ಎಂದಾಳು.

ಸಾಕ್ಷ್ಯಚಿತ್ರ ಎಂದರೆ ನನ್ನ ತಲೆಮಾರಿನವರಿಗೆ ಸಿನಿಮಾ ಶುರುವಾಗುವ ಮುಂಚೆ ಟಾಕೀಸಿನಲ್ಲಿ ತೋರಿಸುತ್ತಿದ್ದ ಸರ್ಕಾರಿ ನ್ಯೂಸ್ ರೀಲು. ಅದು ಮುಗಿಯುವ ತನಕ ಹೊರಗೆ ನಿಂತು ಚಹಾ ಕುಡಿಯುವುದು ರೂಢಿ. ಹಾಗಾಗಿ ಮಗಳು ಇದನ್ನು ಟೀವಿಗೆ ಹಾಕಿಕೊಟ್ಟಾಗ ಹತ್ತು ನಿಮಿಷ ನೋಡಿ ಎದ್ದರಾಯಿತು ಅಂದುಕೊಂಡಿದ್ದೆ. ಇದುವರೆಗೆ ಮೂರು ಸಲ ನೋಡಿದ್ದೇನೆ. ಮೊದಲ ಸಲ ಇಷ್ಟವಾಯಿತು. ಎರಡನೇ ಸಲ ಅನುಮಾನ ಬಂತು. ಈ ಬರಹ ಮೂರನೇ ಸಲದ್ದು.

ಜಗತ್ತಿನಲ್ಲಿ ಬೆಕ್ಕಿಗೆ ಇಷ್ಟು ಮರ್ಯಾದೆ ಇದೆ ಎನ್ನುವುದೇ ನಮಗೆ ಸ್ವಲ್ಪ ಹೊಸತು. ಜರ್ಮನಿ, ಫ್ರಾನ್ಸಿನ ಮನೆಗಳಲ್ಲಿ ನಾಯಿಗಿಂತ ಬೆಕ್ಕೇ ಹೆಚ್ಚು. ಜಪಾನಿನಲ್ಲಿ 2017ರ ಲೆಕ್ಕದಲ್ಲಿ ಬೆಕ್ಕು ಮೊದಲ ಬಾರಿಗೆ ನಾಯಿಯನ್ನು ಹಿಂದೆ ಹಾಕಿತು. ಅದೇ ಜಪಾನಿನಲ್ಲಿ 2007ರಲ್ಲಿ ಕಿಶಿ ಎಂಬ ಸಣ್ಣ ರೈಲು ನಿಲ್ದಾಣಕ್ಕೆ ತಾಮಾ ಎಂಬ ಹೆಣ್ಣು ಬೆಕ್ಕನ್ನು ಸ್ಟೇಷನ್ ಮಾಸ್ಟರ್ ಮಾಡಿ, ತಲೆಗೆ ಟೋಪಿಯನ್ನೂ ಹಾಕಿದರು. ಅದನ್ನು ನೋಡಲೆಂದೇ ಜನ ಬಂದು, ನಷ್ಟದಲ್ಲಿದ್ದ ರೈಲು ದಾರಿ ಚೇತರಿಸಿಕೊಂಡಿತು. 2015ರಲ್ಲಿ ತಾಮಾ ಸತ್ತಾಗ ವಿಧಿವತ್ತಾಗಿ ಅಂತ್ಯಕ್ರಿಯೆಯೂ ನಡೆಯಿತು. ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ಚಪ್ಪಲಿ ಬಿಟ್ಟು ಎರಡು ನಿಮಿಷ ಕೂತು ಹೋಗುತ್ತೇವೆ. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನೇ ಮಂಗಮ್ಮ ದೇವಿ ಎಂದು ಪೂಜಿಸುವವರಿದ್ದಾರೆ, ಅದು ಬೇರೆ ಮಾತು.

ಪಂಡಿತರು ಹೇಳುವ ಪ್ರಕಾರ ಬೆಕ್ಕನ್ನು ಮನುಷ್ಯ ಹಿಡಿದು ಸಾಕಿದ್ದಲ್ಲ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಶುರುವಾಗಿ ಕಣಜಗಳಾದವು, ಕಣಜಕ್ಕೆ ಇಲಿ ಬಂತು, ಇಲಿಗೆ ಕಾಡುಬೆಕ್ಕು ಬಂತು. 2007ರಲ್ಲಿ ಪ್ರಕಟವಾದ ಡಿ.ಎನ್.ಎ. ಅಧ್ಯಯನ ಮನೆಬೆಕ್ಕಿನ ಮೂಲವನ್ನು ಆ ಸೀಮೆಯ ಕಾಡುಬೆಕ್ಕಿಗೇ ಒಯ್ದು ಮುಟ್ಟಿಸಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿ ಸಿಕ್ಕಿದೆ. ಆ ದ್ವೀಪದಲ್ಲಿ ಮೂಲತಃ ಬೆಕ್ಕೇ ಇರಲಿಲ್ಲ. ಅಂದರೆ ಯಾರೋ ದೋಣಿಯಲ್ಲಿ ಕೂರಿಸಿಕೊಂಡು ಹೋಗಿರಬೇಕು. ಪರಊರಿಗೆ ಹೊರಟವರು ಕೈಯಲ್ಲಿ ಏನನ್ನು ಹಿಡಿದುಕೊಂಡು ಹೋಗುತ್ತಾರೆ ಎನ್ನುವುದಕ್ಕೆ ಇಷ್ಟು ಹಳೆಯ ಸಾಕ್ಷಿ ಬೇರೆ ಇದೆಯೋ ಇಲ್ಲವೋ.

‘ಕೆಡಿ’ಯಲ್ಲಿ ಏಳು ಬೆಕ್ಕುಗಳ ಕಥೆ ಇದೆ. ಏಳೂ ಬೀದಿಯವು, ಆದರೆ ಏಳಕ್ಕೂ ಹೆಸರಿದೆ. ಸಾರಿ ಎಂದರೆ ಹಳದಿ. ಅದು ಬಾಣಂತಿ, ಅಂಗಡಿ ಬೀದಿಯಲ್ಲೆಲ್ಲ ತಿರಿದು ಮರಿಗಳಿಗೆ ಒಯ್ಯುತ್ತದೆ. ದುಮಾನ್ ಎಂದರೆ ಹೊಗೆ. ಅದು ಸಂಭಾವಿತ, ಶ್ರೀಮಂತರ ಪೇಟೆಯ ಒಂದು ತಿಂಡಿ ಅಂಗಡಿಯ ಗಿರಾಕಿ. ಒಳಗೆ ಕಾಲಿಡುವುದಿಲ್ಲ, ಹೊರಗೆ ನಿಂತು ಕಿಟಕಿಯ ಗಾಜನ್ನು ಪಂಜದಿಂದ ಉಜ್ಜುತ್ತದೆ. ಅಸ್ಲಾನ್ ಪಾರ್ಚಾಸಿ, ಅಂದರೆ ಸಿಂಹದ ತುಂಡು ಅನ್ನಿ, ಮೀನಿನ ಹೋಟೆಲಿನಲ್ಲಿ ಇಲಿ ಹಿಡಿಯುವ ನೌಕರಿಯಲ್ಲಿದೆ. ಗಮ್ಸಿಜ್ ಎಂಬ ಕಪ್ಪು ಬಿಳುಪಿನ ಉಡಾಳ ಒಂದಿದೆ. ಹಿಂದಿ ಹಾಡುಗಳಲ್ಲಿ ಬರುವ ‘ಗಮ್’ ಇದೆಯಲ್ಲ, ಅದೇ ಶಬ್ದ. ಗಮ್ ಇಲ್ಲದವನು ಗಮ್ಸಿಜ್. ಮುಂಬಯಿ ಸೀಮೆಯಲ್ಲಿ ಇಷ್ಟು ವರ್ಷ ಹಿಂದಿ ಹಾಡು ಕೇಳಿದ್ದಕ್ಕೆ ತುರ್ಕಿ ಬೆಕ್ಕಿನ ಹೆಸರಾದರೂ ಅರ್ಥವಾಯಿತಲ್ಲ ಎಂದು ಸಂತೋಷಪಟ್ಟೆ.

ಕ್ಯಾಮೆರಾ ಬೆಕ್ಕಿನ ಎತ್ತರಕ್ಕೆ ಇಳಿದಿದೆ. ನೆಲದಿಂದ ಒಂದು ಗೇಣು ಮೇಲೆ ಅದು ಓಡುತ್ತದೆ. ಕುರ್ಚಿಯ ಕಾಲು, ಜನರ ಬೂಟು, ಮೀನಿನ ಬುಟ್ಟಿಯ ಅಂಚು. ಇಸ್ತಾಂಬುಲ್ ನೋಡಿ ಬಂದವರು ತರುವ ಫೋಟೋಗಳಲ್ಲಿ ಈ ಊರು ಇರುವುದಿಲ್ಲ. ಮಸೀದಿಯ ಗುಮ್ಮಟ ಬರುತ್ತದೆ, ಸಮುದ್ರ ಬರುತ್ತದೆ, ಆದರೆ ಅವನ್ನು ತೋರಿಸಲೆಂದು ಸಿನಿಮಾ ನಿಂತುಕೊಳ್ಳುವುದಿಲ್ಲ. ಬೆಕ್ಕು ಹೋದ ದಾರಿಯಲ್ಲಿ ಸಿಕ್ಕಿದ್ದಷ್ಟೇ.

ಜನರ ಮಾತೂ ಚೆನ್ನಾಗಿದೆ. ಒಬ್ಬ ಮೀನುಗಾರನ ದೋಣಿ ಬಿರುಗಾಳಿಗೆ ಮುರಿದುಹೋಗಿತ್ತು. ಒಂದು ಬೆಕ್ಕು ಕೂಗಿ ಕೂಗಿ ಕರೆದ ಕಡೆ ಹೋದರೆ ಅಲ್ಲಿ ದುಡ್ಡಿದ್ದ ಪರ್ಸು ಬಿದ್ದಿತ್ತಂತೆ. ಈಗ ಅವನು ತಾಯಿಯಿಲ್ಲದ ಮರಿಗಳಿಗೆ ಹಾಲೂಡುತ್ತಾನೆ. ಮನಸ್ಸಿನ ಕಾಯಿಲೆಯಿಂದ ಕುಸಿದವನೊಬ್ಬ ಬೆಕ್ಕುಗಳಿಗೆ ಊಟ ಹಾಕುತ್ತಾ ಹಾಕುತ್ತಾ ಗುಣವಾದ ಕಥೆ ಇನ್ನೊಂದು. ನನಗೆ ಹೆಚ್ಚು ಹಿಡಿಸಿದ್ದು ಪಶುವೈದ್ಯರ ಹತ್ತಿರ ಎಲ್ಲರದೂ ಉದ್ರಿ ಖಾತೆ ಇದೆ ಎಂದು ಬರುವ ಒಂದು ಮಾತು. ಯಾರದೂ ಅಲ್ಲದ ಪ್ರಾಣಿಯ ಹೆಸರಿನಲ್ಲಿ ಸಾಲ! ಜಾಮೀನಿಲ್ಲ, ಅಡಮಾನವಿಲ್ಲ. ಮೂವತ್ತೈದು ವರ್ಷ ಸಾಲದ ಅರ್ಜಿ ನೋಡಿದ ನನಗೆ ಈ ವರ್ಗದ ಸಾಲಗಾರರು ಸಿಕ್ಕಿರಲಿಲ್ಲ.

ಇನ್ನು ಅನುಮಾನದ ವಿಚಾರ. ಬ್ಯಾಂಕಿನಲ್ಲಿ ಇನ್ಸ್‌ಪೆಕ್ಷನ್ನಿಗೆ ಹೋದಾಗ ಜಾಣ ಮ್ಯಾನೇಜರು ಏನು ಮಾಡುತ್ತಾರೆ ಗೊತ್ತೇ? ಜೀಪಿನಲ್ಲಿ ಕೂರಿಸಿಕೊಂಡು, ಕಂತು ಸರಿಯಾಗಿ ಕಟ್ಟುವ ಹತ್ತು ಜನರ ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ. ಎಮ್ಮೆ ಇದೆ, ಪಂಪ್‌ಸೆಟ್ ಇದೆ, ಎಳನೀರೂ ಇದೆ. ಎಲ್ಲವೂ ನಿಜವೇ, ಒಂದೂ ಸುಳ್ಳಲ್ಲ. ಆದರೆ ಹನ್ನೊಂದನೆಯವನ ಮನೆಗೆ ಜೀಪು ಹೋಗುವುದಿಲ್ಲ. ‘ಕೆಡಿ’ಯೂ ಹಾಗೇ. ಇಡೀ ಸಿನಿಮಾದಲ್ಲಿ ಮಾತಾಡುವವರು ಬೆಕ್ಕಿಗೆ ಅನ್ನ ಹಾಕುವವರು. ಮನೆ ಬಾಗಿಲಲ್ಲಿ ಗಲೀಜು ಮಾಡಿದ್ದನ್ನು ತೊಳೆದು ಸಾಕಾದವನು, ರಾತ್ರಿ ಕಚ್ಚಾಟದ ಕೂಗಿಗೆ ನಿದ್ದೆಗೆಟ್ಟವನು, ನಿಮ್ಮ ಪ್ರೀತಿ ನಿಮ್ಮ ಮನೆಯೊಳಗೆ ಇಟ್ಟುಕೊಳ್ಳಿ ಎಂದು ಜಗಳಕ್ಕೆ ಬಂದವನು ಯಾರೂ ಇಲ್ಲಿ ಬಾಯಿ ಬಿಡುವುದಿಲ್ಲ. ಒಂದೂವರೆ ಕೋಟಿಗೂ ಹೆಚ್ಚು ಜನರಿರುವ ಊರಿನಲ್ಲಿ ಅಂಥವರು ಇಲ್ಲವೆಂದರೆ ನಾನು ಒಪ್ಪುವುದಿಲ್ಲ.

ಯಾಕೆ ಹೀಗಾಯಿತು ಎನ್ನುವುದಕ್ಕೆ ಉತ್ತರ ನಿರ್ದೇಶಕಿಯ ಬದುಕಿನಲ್ಲಿದೆ ಅಂತ ನನ್ನ ಅಂದಾಜು. ತೊರುನ್ ಹುಟ್ಟಿದ್ದು ಇಸ್ತಾಂಬುಲ್ಲಿನಲ್ಲಿ, ಅಲ್ಲಿನ ಬೀದಿಬೆಕ್ಕುಗಳ ಜೊತೆಯಲ್ಲೇ ಬೆಳೆದವರು. ಹನ್ನೊಂದನೇ ವಯಸ್ಸಿನಲ್ಲಿ ಸಂಸಾರದ ಜೊತೆ ಊರು ಬಿಟ್ಟು ಜೋರ್ಡಾನಿಗೆ ಹೋದರು. ಅಲ್ಲಿಂದ ನ್ಯೂಯಾರ್ಕು. ಇದು ಆ ಊರಿನಲ್ಲೇ ಇದ್ದವರು ಮಾಡಿದ ಸಿನಿಮಾ ಅಲ್ಲ, ಊರು ಬಿಟ್ಟವರು ಮಾಡಿದ್ದು. ಅದು ಗೊತ್ತಾದ ಮೇಲೆ ನನಗೆ ಪ್ರತಿ ದೃಶ್ಯದ ಬೆಳಕೂ ಬೇರೆಯಾಗಿ ಕಂಡಿತು. ಸಾಗರದ ಹತ್ತಿರದ ನನ್ನ ಹಳ್ಳಿ ಇವತ್ತಿಗೂ ನನ್ನ ತಲೆಯಲ್ಲಿ ಮಳೆಗಾಲದ ಬೆಳಿಗ್ಗೆಯ ಬೆಳಕಿನಲ್ಲೇ ಇದೆ. ಬಚ್ಚಲೊಲೆಯ ಪಕ್ಕದ ಬೂದಿಯಲ್ಲಿ ಬೆಕ್ಕು ಮುದುರಿಕೊಂಡಿದೆ, ಅಜ್ಜಿ ಬೈಯುತ್ತಾ ಅನ್ನ ಮಜ್ಜಿಗೆ ಹಾಕುತ್ತಿದ್ದಾಳೆ. ಅದೇ ಬೆಕ್ಕಿನ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುತ್ತಿದ್ದದ್ದೂ ಅದೇ ಮನೆಯವರೇ. ಡೊಂಬಿವಲಿಯಲ್ಲಿ ಕೂತು ನೆನೆಯುವಾಗ ಬೂದಿ ಮೊದಲು ಬರುತ್ತದೆ. ಗೋಣಿಚೀಲವನ್ನು ಯಾರಾದರೂ ನೆನಪಿಸಬೇಕು.

ಊರು ಬಿಟ್ಟವರ ನೆನಪಿನ ಈ ಗುಣವನ್ನು ತಪ್ಪೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಈ ಸಿನಿಮಾಕ್ಕೆ ಇಷ್ಟು ಮಮತೆ ಎಲ್ಲಿಂದ ಬರಬೇಕಿತ್ತು? ಆದರೆ ಇದನ್ನು ಸಾಕ್ಷ್ಯಚಿತ್ರ ಎನ್ನುತ್ತೇವೆ. ಸಾಕ್ಷ್ಯ ಎಂದ ಮೇಲೆ ಇನ್ನೊಂದು ಕಡೆಯವರನ್ನೂ ಕಟಕಟೆಗೆ ಕರೆಯಬೇಕು. ವಿಚಿತ್ರವೆಂದರೆ ಸಿನಿಮಾದಲ್ಲಿ ಅದಕ್ಕೆ ದಾರಿ ಇತ್ತು. ಈ ಬೆಕ್ಕುಗಳು ಹಿಂದಿನ ಕಾಲದಲ್ಲಿ ದೇಶ ದೇಶದ ಹಡಗುಗಳಲ್ಲಿ ಬಂದು, ಹಡಗು ತಪ್ಪಿಸಿಕೊಂಡು ಇಲ್ಲೇ ಉಳಿದವು ಎಂದು ಅದರಲ್ಲೇ ಹೇಳುತ್ತಾರೆ. ಕೊನೆಯ ಭಾಗದಲ್ಲಿ ಹಳೆಯ ಪೇಟೆಗಳನ್ನು ಕೆಡವಿ ಎತ್ತರದ ಕಟ್ಟಡ ಬಂದರೆ ಇವುಗಳ ಗತಿಯೇನು ಎಂಬ ಚಿಂತೆಯೂ ಬರುತ್ತದೆ. ಬರುತ್ತದೆ, ಹೋಗುತ್ತದೆ. ಸಂಗೀತ ಶುರುವಾಗಿ ಕ್ಯಾಮೆರಾ ಮತ್ತೆ ಸೂರಿನ ಮೇಲೆ ಏರಿಬಿಡುತ್ತದೆ. ನಾನಾಗಿದ್ದರೆ ಅಲ್ಲೇ ಅರ್ಧ ಗಂಟೆ ನಿಲ್ಲುತ್ತಿದ್ದೆ.

ನಿಲ್ಲುತ್ತಿದ್ದೆ ಎನ್ನಲು ಕಾರಣ ಇದೆ. ನೌಕರಿಯಲ್ಲಿ ನನಗೆ ಹನ್ನೊಂದು ವರ್ಗಾವಣೆ. ಮಕ್ಕಳು ಬೆಕ್ಕು ಬೇಕೆಂದು ಹಟ ಮಾಡಿದಾಗೆಲ್ಲ ನಮ್ಮಮ್ಮ, “ವರ್ಗದ ಕೆಲಸದವನಿಗೆ ಬೆಕ್ಕು ಒಗ್ಗೂದಿಲ್ಲ ಮಾರಾಯ, ನಾಯಿ ಮನುಷ್ಯನ ಹಿಂದೆ ಬರ್ತದೆ, ಬೆಕ್ಕು ಮನೆ ಬಿಟ್ಟು ಬರೂದಿಲ್ಲ” ಅನ್ನುತ್ತಿದ್ದರು. ಅದು ಎಷ್ಟು ನಿಜವೆಂದು ನೋಡಿದ್ದು ನಿವೃತ್ತಿಯಾದ ಮೇಲೆ, ಇಲ್ಲೇ. ನಮ್ಮ ಹಳೆಯ ನಾಲ್ಕು ಮಹಡಿಯ ಕಟ್ಟಡದಲ್ಲಿ ಕುಮಟಾ ಕಡೆಯ ಒಬ್ಬ ಹೆಂಗಸಿದ್ದರು. ನಾವು ಕನ್ನಡದವರೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ. ಆರು ಬೆಕ್ಕುಗಳಿಗೆ ದಿನಾ ಎರಡು ಹೊತ್ತು ಜಿನೆಯ ಕೆಳಗೆ ಊಟ. ಸೊಸೈಟಿಯ ಮೀಟಿಂಗಿನಲ್ಲಿ ವರ್ಷಕ್ಕೊಮ್ಮೆ ನೀರಿನ ಟ್ಯಾಂಕರು, ಪಾರ್ಕಿಂಗು, ಆಮೇಲೆ ಅಕ್ಕನ ಬೆಕ್ಕುಗಳು. ಒಮ್ಮೆ ಕಮಿಟಿಯವರು ಲಿಖಿತ ನೋಟಿಸೇ ಕೊಟ್ಟರು. ಖಜಾಂಚಿಯಾಗಿದ್ದ ನನ್ನ ಕೈಗೆ ಅದನ್ನು ತಂದುಕೊಟ್ಟು, “ಇದರಲ್ಲಿ ನಿಮ್ಮ ಬೆಕ್ಕುಗಳು ಅಂತ ಬರ್ದಿದಾರೆ ರಾಯರೇ. ನನ್ನವು ಅಂತ ನಾನ್ಯಾವಾಗ ಹೇಳ್ದೆ?” ಅಂದರು. ಅದಕ್ಕೆ ಉತ್ತರ ಕಮಿಟಿಯ ಹತ್ತಿರ ಇರಲಿಲ್ಲ.

2021ರಲ್ಲಿ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು. ಬಿಲ್ಡರು ಕೊಟ್ಟ ಬಾಡಿಗೆ ದುಡ್ಡಿನಲ್ಲಿ ಎಲ್ಲರೂ ಅನುಕೂಲ ಕಂಡ ಕಡೆ ಹೋದೆವು. ನಾವು ಸ್ಟೇಷನ್ ಹತ್ತಿರ, ಕೆಲವರು ಠಾಣೆಗೆ. ಅಕ್ಕನ ಮಗ ಪುಣೆಗೆ ಬಾ ಎಂದು ಕರೆದ. ಅವರು ಹೋಗಲಿಲ್ಲ. ಅದೇ ಗಲ್ಲಿಯ ಕೊನೆಯಲ್ಲಿ, ಮಳೆಗಾಲದಲ್ಲಿ ಗೋಡೆ ಒದ್ದೆಯಾಗುವ ನೆಲಮಹಡಿಯ ಒಂದು ಕೋಣೆ ಹಿಡಿದರು. ಬೆಕ್ಕುಗಳನ್ನು ಬುಟ್ಟಿಯಲ್ಲಿ ಅಲ್ಲಿಗೆ ಒಯ್ದರೆ ಬೆಳಗಾಗುವಷ್ಟರಲ್ಲಿ ಅವು ಕೆಡವಿದ ಕಟ್ಟಡದ ಸುತ್ತ ಹೊಡೆದ ತಗಡಿನ ಬೇಲಿಯ ಹತ್ತಿರ ಹೋಗಿ ಕೂತಿರುತ್ತಿದ್ದವು. ಮನೆಯೇ ಇಲ್ಲ, ಜಾಗ ಮಾತ್ರ ಇದೆ. ಅಕ್ಕ ದಿನಾ ಡಬ್ಬಿ ತೆಗೆದುಕೊಂಡು ಬೇಲಿಗೆ ಹೋಗುವರು. ಕಟ್ಟಡ ಎದ್ದು ನಾವು ವಾಪಸು ಬಂದದ್ದು 2024ರಲ್ಲಿ. ಆರರಲ್ಲಿ ಮೂರು ಉಳಿದಿದ್ದವು. ಈಗ ಅಕ್ಕನದು ಹನ್ನೊಂದನೇ ಮಹಡಿ. ಕೆಳಗೆ ಟೈಲ್ಸ್ ಹಾಕಿದ ಲಾಬಿ, ಕ್ಯಾಮೆರಾ, ಬೆಕ್ಕನ್ನು ಓಡಿಸಲು ಕೋಲು ಹಿಡಿದ ಸೆಕ್ಯೂರಿಟಿ. ಜಿನೆ ಇದೆ, ಆದರೆ ಜಿನೆಯ ಕೆಳಗೆ ಅಂತ ಜಾಗವೇ ಇಲ್ಲ. ಅಲ್ಲಿ ಮೀಟರ್ ರೂಮು ಬಂದಿದೆ. ಎಪ್ಪತ್ತು ದಾಟಿದ ಅವರು ಲಿಫ್ಟಿನಲ್ಲಿ ಇಳಿದು ಗೇಟು ದಾಟಿ ಫುಟ್‌ಪಾತಿಗೆ ಹೋಗಿ ಹಾಕಿ ಬರುತ್ತಾರೆ.

‘ಕೆಡಿ’ ಇದನ್ನು ತೋರಿಸಬೇಕಿತ್ತು ಅಂತಲ್ಲ. ಆದರೆ ಕೆಡವುವ ಮಾತು ಎತ್ತಿದ ಮೇಲೆ ಒಂದು ತಗಡಿನ ಬೇಲಿಯನ್ನಾದರೂ ನೋಡಬೇಕಿತ್ತು. ಹೇಳದೆ ಬಿಟ್ಟದ್ದು ಇನ್ನೊಂದಿದೆ, ಅದು ನಾಯಿಗಳ ಕಥೆ. ಬೆಕ್ಕಿನ ಮೇಲೆ ಇಷ್ಟು ಕರುಣೆ ಇರುವ ಇದೇ ಊರು 1910ರಲ್ಲಿ ಹತ್ತಾರು ಸಾವಿರ ಬೀದಿನಾಯಿಗಳನ್ನು ಹಿಡಿದು ಮರ್ಮರಾ ಸಮುದ್ರದ ಒಂದು ಬಂಜರು ದ್ವೀಪದಲ್ಲಿ ಬಿಟ್ಟು ಬಂತು. ಅನ್ನ ನೀರಿಲ್ಲದೆ ಅವು ಸತ್ತವು. 2004ರ ಕಾಯ್ದೆ ಬೀದಿಯ ಪ್ರಾಣಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ವಾಪಸು ಬಿಡಬೇಕೆಂದಿತು. 2024ರ ಜುಲೈನಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು, ಬೀದಿನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಗಳಲ್ಲಿ ಕೂಡಿಹಾಕುವ ಹೊಣೆಯನ್ನು ನಗರಸಭೆಗಳಿಗೆ ಕೊಟ್ಟರು. ಜನ ಬೀದಿಗಿಳಿದು ವಿರೋಧಿಸಿದರು. ಇಸ್ಲಾಮಿನಲ್ಲಿ ಬೆಕ್ಕನ್ನು ಶುದ್ಧವೆಂದು ಎಣಿಸುತ್ತಾರೆ, ನಾಯಿಯ ವಿಷಯದಲ್ಲಿ ಹಾಗಿಲ್ಲ. ಅದೊಂದೇ ಕಾರಣ ಎನ್ನುವಂತಿಲ್ಲ. ಬೆಕ್ಕು ಕಚ್ಚಿದರೆ ಸುದ್ದಿಯಾಗುವುದಿಲ್ಲ, ನಾಯಿ ಕಚ್ಚಿದರೆ ಆಗುತ್ತದೆ. ಇದು ಬೆಂಗಳೂರಿನವರಿಗೂ ಮುಂಬಯಿಯವರಿಗೂ ಹೊಸದಲ್ಲ.

ಈ ನಾಯಿಗಳ ಮೇಲೆ ಎಲಿಜಬೆತ್ ಲೋ ಎಂಬವರ ‘ಸ್ಟ್ರೇ’ ಎಂಬ ಚಿತ್ರ 2020ರಲ್ಲಿ ಬಂದಿದೆ. ಅದೇ ಇಸ್ತಾಂಬುಲ್ಲು, ಕ್ಯಾಮೆರಾ ಅಲ್ಲೂ ಪ್ರಾಣಿಯ ಎತ್ತರದಲ್ಲೇ. ಆದರೆ ನಿರ್ದೇಶಕಿಗೆ ಅದು ತವರಲ್ಲ. ಜೈತಿನ್ ಎಂಬ ನಾಯಿಯ ಬೆನ್ನು ಹಿಡಿದು ಹೋದರೆ ಸಿಗುವವರು ಅಂಗಡಿಯ ಯಜಮಾನರಲ್ಲ, ಸಿರಿಯಾದಿಂದ ಓಡಿಬಂದು ಕೆಡವುವ ಕಟ್ಟಡಗಳಲ್ಲಿ ಮಲಗುವ ಹುಡುಗರು. ಅವರನ್ನೂ ಅಲ್ಲಿಂದ ಎಬ್ಬಿಸುತ್ತಾರೆ. ಚಿತ್ರ ‘ಕೆಡಿ’ಯಷ್ಟು ಮುದ್ದಾಗಿಲ್ಲ, ಅಲ್ಲಲ್ಲಿ ಬೇಸರವನ್ನೂ ತರಿಸುತ್ತದೆ. ಆದರೂ ಎರಡನ್ನೂ ನೋಡುವವರು ‘ಕೆಡಿ’ಯನ್ನು ಮೊದಲು ನೋಡಲಿ, ‘ಸ್ಟ್ರೇ’ಯನ್ನು ಆಮೇಲೆ. ಉಲ್ಟಾ ನೋಡಿದರೆ ಬೆಕ್ಕುಗಳ ಮೇಲೆ ಸುಮ್ಮನೆ ಸಿಟ್ಟು ಬರುತ್ತದೆ, ಪಾಪ.

ಅಕ್ಕನಿಗೆ ‘ಕೆಡಿ’ ತೋರಿಸಿದೆ. ಭಾಷೆ ಗೊತ್ತಿಲ್ಲ, ಇಂಗ್ಲಿಷ್ ಅಕ್ಷರ ಓದುವಷ್ಟು ಕಣ್ಣಿಲ್ಲ. ಅರ್ಧಕ್ಕೆ ಎದ್ದರು. ಹಿಡಿಸಲಿಲ್ಲವೇ ಎಂದು ಕೇಳಿದೆ. “ಚೆನ್ನಾಗದೆ. ಏಳು ಗಂಟೆ ಆಯ್ತು, ಅವು ಗೇಟ್ ಹತ್ರ ಬಂದಿರ್ತವೆ” ಎಂದು ಡಬ್ಬಿ ಹಿಡಿದು ಲಿಫ್ಟಿನ ಕಡೆ ಹೋದರು.